ಫ್ಲಶ್ ಮಾಡಿದರೆ ಬಚ್ಚಲಲ್ಲಿ ವಾಸನೆ

ಪ್ರಶ್ನೆ: ಮಹಡಿಯ ಟಾಯ್ಲೆಟ್ ಫ್ಲಶ್ ಮಾಡಿದಾಗಲೆಲ್ಲ ಕೆಳಗಿನ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದು, ಆಮೇಲೆ ದುರ್ವಾಸನೆ. ಟಾಯ್ಲೆಟ್‌ನಿಂದ ಕೆಳಗಿಳಿಯುವ ಪೈಪು ಕಟ್ಟಿಕೊಂಡಿಲ್ಲ. ಅದರ ಮೇಲ್ತುದಿಗೆ ಮುಚ್ಚಳ ಹಾಕಿದ್ದಾರೆ. ಏನು ಮಾಡಬೇಕು?

ಉತ್ತರ: ಆ ಮುಚ್ಚಳದ ಮೇಲೇ ಅನುಮಾನ. ಜಾಲರಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ವಾಸನೆ ನಿಂತು, ಮುಂದಿನ ಫ್ಲಶ್‌ಗೆ ಮರಳಿದರೆ ಖಾತ್ರಿ. ರಭಸದಿಂದ ಇಳಿಯುವ ನೀರು ತನ್ನ ಹಿಂದೆ ಗಾಳಿ ಎಳೆಯುತ್ತದೆ. ಮೇಲಿಂದ ಗಾಳಿ ಸಿಗದಿದ್ದರೆ ಟ್ರ್ಯಾಪಿನಲ್ಲಿ (ಜಾಲರಿಯ ಕೆಳಗೆ ನೀರು ಹಿಡಿದಿಡುವ ಭಾಗ) ನಿಂತ ನೀರನ್ನೇ ಹೀರುತ್ತದೆ. ಸುಮಾರು 50 ಮಿ.ಮೀ. ಆಳದ ಆ ನೀರೇ ವಾಸನೆಗೆ ತಡೆ.

ಮುಚ್ಚಳ ತೆಗೆಸಿ. ಪೈಪನ್ನು ಅದೇ ಅಳತೆಯಲ್ಲಿ (ಸಾಮಾನ್ಯವಾಗಿ 110 ಮಿ.ಮೀ.) ತಾರಸಿ ದಾಟಿಸಿ, ಹತ್ತಿರದ ಕಿಟಕಿಗಳಿಗಿಂತ ಎತ್ತರಕ್ಕೆ ಒಯ್ದು ವೆಂಟ್ ಕೌಲ್ (ಗಾಳಿಯಾಡುವ ಟೊಪ್ಪಿಗೆ) ಹಾಕಿಸಿ. ಅಡ್ಡ ಭಾಗವಿದ್ದರೆ ಲಂಬ ಪೈಪಿನ ಕಡೆಗೆ ಇಳಿಜಾರಿರಲಿ. ತಗ್ಗಿನಲ್ಲಿ ನೀರು ನಿಂತರೆ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಒಳಕ್ಕಷ್ಟೇ ಗಾಳಿ ಬಿಡುವ ವಾಲ್ವ್ ಒಂದನ್ನೇ ನಂಬಬೇಡಿ: ಒತ್ತಡ ಹೊರಹೋಗಲು ತೆರೆದ ಪೈಪು ಒಂದಾದರೂ ಬೇಕು.