ಕ್ವೇಕರ್‌ಗಳು ನಿಜವಾದ ಕ್ರೈಸ್ತರೇ? ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು ಅವರ ಕೂಟಕ್ಕೆ ಹೋಗಬಹುದೇ?

ಇಂಗ್ಲೆಂಡಿನಲ್ಲಿ ಸಹೋದ್ಯೋಗಿ ಕ್ವೇಕರ್‌ಗಳ (17ನೇ ಶತಮಾನದಲ್ಲಿ ಅಲ್ಲೇ ಹುಟ್ಟಿದ ಧಾರ್ಮಿಕ ಪಂಥ) ಕೂಟಕ್ಕೆ ಕರೆದಿದ್ದಾರೆ, ಅವರ ನಂಬಿಕೆ ನಮ್ಮದರ ಪಕ್ಕ ಇಟ್ಟು ನೋಡಿ ಆಮೇಲೆ ಹೋಗುತ್ತೇನೆ ಅಂದಿದ್ದೀರಿ. ನಾನೂ ಹೀಗೇ ಮಾಡಿದ್ದೆ.

ನಾನು ಉಡುಪಿಯವನು. ನಮ್ಮದು ಅಜ್ಜನ ಕಾಲದಿಂದ ಬಾಸೆಲ್ ಮಿಶನ್ ಸಭೆ, ಈಗ ಅದೂ ಸಿಎಸ್‌ಐಯದೇ. ಬರ್ಮಿಂಗ್‌ಹ್ಯಾಮ್‌ಗೆ ಓದಲು ಹೋದಾಗ ಬೋರ್ನ್‌ವಿಲ್ ಪಕ್ಕದಲ್ಲಿ ರೂಮು ಸಿಕ್ಕಿತು. ಚಾಕಲೇಟಿನ ಜಾರ್ಜ್ ಕ್ಯಾಡ್ಬರಿ ಕಟ್ಟಿಸಿದ ಬಡಾವಣೆ ಅದು. ಆತ ಕ್ವೇಕರ್, ಹಾಗಾಗಿ ಅಲ್ಲಿ ಪಬ್‌ಗೆ ಜಾಗವಿರಲಿಲ್ಲ. ಅಲ್ಲಿನ ಕ್ವೇಕರ್‌ಗಳಲ್ಲಿ ನಮ್ಮಲ್ಲಿರುವ ಏನೇನಿಲ್ಲ ಅಂತ ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡೆ. ದೀಕ್ಷಾಸ್ನಾನ ಇಲ್ಲ. ಕರ್ತನ ಭೋಜನ ಇಲ್ಲ. ವಿಶ್ವಾಸ ಪ್ರಮಾಣ ಇಲ್ಲ. ಪಾದ್ರಿ ಇಲ್ಲ. ಕೋರ್ಟಿನಲ್ಲಿ ಆಣೆಯನ್ನೂ ಇಡುವುದಿಲ್ಲ, ಯಾಕೆಂದರೆ ಮತ್ತಾಯ 5ರಲ್ಲಿ ಯೇಸುಸ್ವಾಮಿಯೇ ಬೇಡ ಅಂದಿದ್ದಾರೆ. ಇದೊಂದು ನೋಡಿ ಸ್ವಲ್ಪ ಹೊಟ್ಟೆ ಉರಿಯಿತು.

ಕೂಟದಲ್ಲಿ ಇಪ್ಪತ್ತು ಜನ. ಸುತ್ತ ಕುರ್ಚಿ, ನಡುವೆ ಮೇಜು, ಮೇಲೊಂದು ಹೂವಿನ ಜಾಡಿ. ಹಾಡಿಲ್ಲ, ಪ್ರಸಂಗವಿಲ್ಲ. ಒಂದು ಗಂಟೆ ಮೌನ. ಯಾರದೋ ಹೊಟ್ಟೆ ಗುರ್ ಅಂದದ್ದೂ ಕೇಳಿಸಿತು. ಅರ್ಧ ಗಂಟೆಯಾದ ಮೇಲೆ ಒಬ್ಬ ಅಜ್ಜಿ ಎದ್ದು, "ಬೀನ್ಸ್ ಬಳ್ಳಿ ಒಣಗಿದೆ. ಮೇ ತಿಂಗಳಲ್ಲಿ ನಮ್ಮ ಮನೆಯವರೇ ನೆಟ್ಟಿದ್ದು. ಕೀಳೋಕೆ ಕೈ ಬರ್ತಿಲ್ಲ" ಅಂದು ಕೂತರು.

ನಾನು ಒಂದು ನಿಮಿಷವೂ ಬಿಡಲಿಲ್ಲ. ಎದ್ದು ಯೋಹಾನ 11:25 ("ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ" ಅನ್ನುವ ಯೇಸುವಿನ ಮಾತು) ಹಿಡಿದು, ಸಂಡೇ ಸ್ಕೂಲಿನ ಬಾಯಿಪಾಠ ಸ್ಪರ್ಧೆಯ ಧಾಟಿಯಲ್ಲಿ ಐದು ನಿಮಿಷ ಮಾತಾಡಿದೆ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ. ವಚನ ತಪ್ಪಲ್ಲ. ಎದ್ದು ಮಾತಾಡಿದ್ದೂ ತಪ್ಪಲ್ಲ, ಅಲ್ಲಿ ಯಾರು ಬೇಕಾದರೂ ಮಾತಾಡಬಹುದು. ಆದರೆ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವ ಪದ್ಧತಿ ಇಲ್ಲ. ಒಂದು ಮಾತು ಬಂದರೆ ಅದು ಎಲ್ಲರೊಳಗೆ ಇಳಿಯುವಷ್ಟು ಹೊತ್ತು ಸುಮ್ನೆ ಇರಬೇಕು. ಏಳುವ ಮುಂಚೆ, ಈ ಮಾತು ನನ್ನೊಬ್ಬನಿಗೋ ಎಲ್ಲರಿಗೋ ಅಂತ ಕೇಳಿಕೊಳ್ಳಬೇಕು. ಮೊದಲೇ ತಯಾರು ಮಾಡಿಕೊಂಡು ಹೋಗಬಾರದು. ನಾನು ಅಜ್ಜಿಯ ದುಃಖವನ್ನು ಪ್ರಶ್ನೆ ಅಂದುಕೊಂಡೆ. ನಮ್ಮಲ್ಲಿ ಸಾವಿನ ಮನೆಗೆ ಅಯ್ಯನವರು ಬಂದು ವಚನ ಓದಬೇಕಲ್ವಾ, ಆ ಅಭ್ಯಾಸ. ಇವರಿಗೆ ಪಾದ್ರಿ ಇಲ್ಲ, ಪಾಪ, ಅಂತ ನಾನೇ ಪಾದ್ರಿಯಾದೆ. ಅವರ ಲೆಕ್ಕದಲ್ಲಿ ಅಲ್ಲಿ ಕೂತ ಇಪ್ಪತ್ತೂ ಜನ ಪಾದ್ರಿಗಳೇ!

ಯಾರೂ ಬೈಯಲಿಲ್ಲ. ಕೊನೆಗೆ ಕೈಕುಲುಕಿದರು, ಟೀ ಬಿಸ್ಕತ್ತು ಕೊಟ್ಟರು. ಅದಕ್ಕೇ ಜಾಸ್ತಿ ನಾಚಿಕೆಯಾಯಿತು. ಎಂಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಒಂದಿಡೀ ಚಳಿಗಾಲದ ಭಾನುವಾರಗಳು ರೂಮಿನಲ್ಲೇ ಕಳೆದುಹೋದವು. ಮತ್ತೆ ಹೋದಾಗ ಅದೇ ಅಜ್ಜಿ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ಎತ್ತಿ ಜಾಗ ಮಾಡಿಕೊಟ್ಟರು.

ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನಿಸುತ್ತದೆ, ಬೇಜಾರಾಗಬೇಡಿ. ಪಂಥ ಶುರು ಮಾಡಿದ ಜಾರ್ಜ್ ಫಾಕ್ಸ್ 1652ರಲ್ಲಿ ಇಂಗ್ಲೆಂಡಿನ ಪೆಂಡಲ್ ಬೆಟ್ಟ ಹತ್ತಿದವನು, ಕ್ರಿಸ್ತನೇ ಒಳಗೆ ನಿಂತು ಕಲಿಸುತ್ತಾನೆ ಅಂತ ಸಾರಿದವನು. ಅವನು ಕ್ರೈಸ್ತನಲ್ಲದೆ ಇನ್ನೇನು? ಆದರೆ ಇವತ್ತು ಬ್ರಿಟನ್ನಿನ ಕೂಟಗಳಲ್ಲಿ ದೇವರನ್ನೇ ನಂಬದವರೂ ಪಕ್ಕದಲ್ಲಿ ಕೂತಿರುತ್ತಾರೆ. ಇನ್ನು ಅತಿ ಹೆಚ್ಚು ಕ್ವೇಕರ್‌ಗಳಿರುವುದು ಕೀನ್ಯಾದಲ್ಲಿ. ಅಲ್ಲಿ ಪಾಸ್ಟರ್, ಪ್ರಸಂಗ, ಹಾಡು ಎಲ್ಲಾ ಇದೆ. ನಮ್ಮ ಊರಿನವರು ಹೋದರೆ ಅಷ್ಟೇನೂ ಹೊಸದೆನಿಸದು. ಇವರಲ್ಲಿ ಯಾರನ್ನು ನಿಮ್ಮ ಪಟ್ಟಿಗೆ ಸೇರಿಸುತ್ತೀರಿ? ನಡೆದುಕೊಳ್ಳುವ ರೀತಿ ನೋಡಿ. ಯುದ್ಧ ಮಾಡುವುದಿಲ್ಲ ಅಂತ 17ನೇ ಶತಮಾನದಲ್ಲೇ ರಾಜನಿಗೆ ಬರೆದುಕೊಟ್ಟವರು. 1947ರಲ್ಲಿ, ನಮ್ಮ ಸಿಎಸ್‌ಐ ಹುಟ್ಟಿದ ವರ್ಷವೇ, ಅವರ ಎರಡು ಸೇವಾ ಸಂಸ್ಥೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಹೋಗಿ. ಮೊದಲ ಆರು ವಾರ ಬಾಯಿ ತೆರೆಯಬೇಡಿ. ನಿಮ್ಮ ಚರ್ಚನ್ನೂ ಬಿಡಬೇಡಿ. ನಾನು ಕರ್ತನ ಭೋಜನದ ಭಾನುವಾರ ಚರ್ಚಿಗೆ ಹೋಗುತ್ತೇನೆ, ಉಳಿದ ಭಾನುವಾರ ಅಲ್ಲಿಗೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಪ್ರತಿ ವಾರ ಫೋನಿನಲ್ಲಿ ಇವತ್ತಿನ ಪ್ರಸಂಗ ಯಾವುದರ ಮೇಲೆ ಅಂತ ಕೇಳುತ್ತಾರೆ. ಬೀನ್ಸ್ ಮೇಲೆ ಅಂತ ಹೇಗೆ ಹೇಳಲಿ?