ಓದುಗರ ಪ್ರಶ್ನೆ: ಎರರ್ ಇಲ್ಲ, ಆದರೂ ಮೂರು ಸಾವಿರ ಪತ್ರ ನಾಪತ್ತೆ

ಪ್ರಶ್ನೆ: ನಮ್ಮದು ಮಂಡ್ಯದ ಒಂದು ಪತ್ತಿನ ಸಹಕಾರ ಸಂಘ. ತಿಂಗಳಿಗೆ ಸುಮಾರು 18,000 ಸದಸ್ಯರಿಗೆ ಸಾಲದ ಲೆಕ್ಕಪತ್ರ ಕಳಿಸಬೇಕು. ಮೊದಲು ಪೆನ್ ಡ್ರೈವ್ ಹಿಡಿದು ಮೈಸೂರಿನ ಮುದ್ರಣಾಲಯಕ್ಕೆ ಹೋಗಿಬರುತ್ತಿದ್ದೆವು. ಈಗ ಸಿಎಸ್‌ವಿ ಫೈಲು (ಕಾಲಂಗಳ ನಡುವೆ ಅಲ್ಪವಿರಾಮವಿರುವ ಸರಳ ಪಠ್ಯದ ಪಟ್ಟಿ) ರಾತ್ರಿ ಎಸ್‌ಎಫ್‌ಟಿಪಿ (ನೆಟ್‌ವರ್ಕಿನಲ್ಲಿ ಫೈಲನ್ನು ಸುರಕ್ಷಿತವಾಗಿ ಕಳಿಸುವ ವಿಧಾನ) ಮೂಲಕ ತಾನಾಗಿ ಹೋಗುತ್ತದೆ. ಮೊದಲ ತಿಂಗಳೇ ಪಟ್ಟಿಯ ಕೊನೆಯ 3,000 ಜನರಿಗೆ ಪತ್ರ ತಲುಪಲಿಲ್ಲ. ಎರಡೂ ಕಡೆ ಎರರ್ ಬಂದಿಲ್ಲ. ಏನಾಗಿರಬಹುದು?

ಉತ್ತರ: ಕೊನೆಯ ಸಾಲುಗಳೇ ಹೋಗಿವೆ ಎಂದರೆ ಅನುಮಾನ ಬರುವುದು ಒಂದರ ಮೇಲೇ. ಫೈಲು ಇನ್ನೂ ಬಂದು ಸೇರುತ್ತಿರುವಾಗಲೇ ಮುದ್ರಣಾಲಯದ ಪ್ರೋಗ್ರಾಂ ಅದನ್ನು ಎತ್ತಿಕೊಂಡಿದೆ. ಸಿಎಸ್‌ವಿಗೆ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತಿಲ್ಲ. ಸಾಲಿನ ಕೊನೆಗೆ ಸರಿಯಾಗಿ ತುಂಡಾದರೆ ಅರ್ಧ ಫೈಲೂ ಪೂರ್ತಿ ಫೈಲಿನಂತೆಯೇ ಓದಿಸಿಕೊಳ್ಳುತ್ತದೆ; ಎರರ್ ಎಲ್ಲಿಂದ ಬರಬೇಕು?

ಫೈಲನ್ನು ‘.tmp’ ಬಾಲದ ತಾತ್ಕಾಲಿಕ ಹೆಸರಲ್ಲಿ ಕಳಿಸಿ, ಪೂರ್ತಿ ಸೇರಿದ ಮೇಲೆ ಅದೇ ಫೋಲ್ಡರಿನಲ್ಲಿ ನಿಜ ಹೆಸರಿಗೆ ಬದಲಿಸಿ. ಆಮೇಲೆ ಒಂದು ಚಿಕ್ಕ ಕಂಟ್ರೋಲ್ ಫೈಲು ಹೋಗಲಿ: ಬ್ಯಾಚ್ ಸಂಖ್ಯೆ (ಆ ಸಲ ಕಳಿಸಿದ್ದರ ಗುರುತು), ಒಟ್ಟು ಸಾಲುಗಳು, ಬಾಕಿ ಮೊತ್ತದ ಕೂಡಿಕೆ, ಫೈಲಿನ ಎಸ್‌ಎಚ್‌ಎ-256 ಮೊತ್ತ (ಫೈಲಿನ ಒಂದಕ್ಷರ ಬದಲಾದರೂ ಬೇರೆಯಾಗುವ ಬೆರಳಚ್ಚಿನಂಥ ಸಂಕೇತ). ಇದು ಬಂದು ತಾಳೆಯಾಗುವವರೆಗೆ ಅವರು ಮುದ್ರಣ ಶುರು ಮಾಡಬಾರದು. ‘ಹತ್ತು ನಿಮಿಷ ಫೈಲಿನ ಗಾತ್ರ ಬದಲಾಗದಿದ್ದರೆ ಬಂತೆಂದು ಲೆಕ್ಕ’ ಎಂದು ಅವರು ಹೇಳಿದರೆ ಒಪ್ಪಬೇಡಿ. ಲೈನ್ ಕಡಿದುಹೋದಾಗಲೂ ಗಾತ್ರ ಬದಲಾಗುವುದಿಲ್ಲ.

ಸಾಲುಗಳ ಎಣಿಕೆಯನ್ನು ಡೇಟಾಬೇಸಿನಿಂದಲೇ ತೆಗೆಯಿರಿ. ಸಿದ್ಧವಾದ ಫೈಲನ್ನೇ ಎಣಿಸಿದರೆ ಫೈಲು ತಯಾರಿಸುವಾಗ ಬಿಟ್ಟುಹೋದವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಮುದ್ರಣಾಲಯದಿಂದಲೂ ಉತ್ತರದ ಫೈಲು ಬರಬೇಕು. ಬಂದದ್ದು 18,000, ಮುದ್ರಿಸಿದ್ದು 17,962, ತಿರಸ್ಕರಿಸಿದ್ದು 38 ಎಂದು ಲೆಕ್ಕ ಕೂಡಬೇಕು. ಆ 38ಕ್ಕೂ ಖಾತೆ ಸಂಖ್ಯೆ, ಕಾರಣ ಇರಬೇಕು. ಒಮ್ಮೆ ಮುಗಿದ ಬ್ಯಾಚ್ ಸಂಖ್ಯೆ ಮತ್ತೆ ಬಂದರೆ ಅವರ ಪ್ರೋಗ್ರಾಂ ನಿರಾಕರಿಸಲಿ. ಇಲ್ಲದಿದ್ದರೆ ಬೆಳಿಗ್ಗೆ ಯಾರೋ ಗಾಬರಿಯಿಂದ ಫೈಲನ್ನು ಇನ್ನೊಮ್ಮೆ ಕಳಿಸುತ್ತಾರೆ, ಸದಸ್ಯರ ಮನೆಗೆ ಎರಡೆರಡು ಪತ್ರ ಹೋಗುತ್ತದೆ.

ಪ್ರಶ್ನೆ: ಕೆಲವು ಪತ್ರಗಳಲ್ಲಿ ಕನ್ನಡ ಹೆಸರು ಒಡೆದಿದೆ. ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳೂ ಇಲ್ಲ.

ಉತ್ತರ: ಸೊನ್ನೆ ನುಂಗಿದ್ದು ಎಕ್ಸೆಲ್. ‘ಒಮ್ಮೆ ನೋಡೋಣ’ ಎಂದು ಯಾರೋ ಫೈಲು ತೆರೆದು ಸೇವ್ ಮಾಡಿದ್ದಾರೆ. ಅದು 15 ಅಂಕಿಗಿಂತ ಉದ್ದದ ಸಂಖ್ಯೆಯ ಬಾಲವನ್ನೂ ಸೊನ್ನೆ ಮಾಡಿಬಿಡುತ್ತದೆ. ನೋಡಲೇಬೇಕಿದ್ದರೆ ನೋಟ್‌ಪ್ಯಾಡಿನಲ್ಲಿ ನೋಡಿ.

ಹೆಸರು ಒಡೆಯಲು ಕಾರಣ ಎರಡು. ಹಳೆಯ ದಾಖಲೆ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಪೂರ್ತಿ ಅಸಂಬದ್ಧ ಅಕ್ಷರ ಬರುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲೇ ಕಳಿಸಿ. ಅಕ್ಷರ ಸರಿಯಿದ್ದು ಒತ್ತು ಮಾತ್ರ ಪಕ್ಕಕ್ಕೆ ಸರಿದಿದ್ದರೆ ತಪ್ಪು ಪಿಡಿಎಫ್ ತಯಾರಿಸುವ ತಂತ್ರಾಂಶದ್ದು, ಅದಕ್ಕೆ ಕನ್ನಡದ ಅಕ್ಷರ ಜೋಡಣೆ ಬರುವುದಿಲ್ಲ. ಲಕ್ಷ್ಮಮ್ಮ, ಕೃಷ್ಣಮೂರ್ತಿ, ಶ್ರೀರಂಗಪಟ್ಟಣ, ಈ ಮೂರನ್ನು ಮುದ್ರಿಸಿ ನೋಡಿದರೆ ಒತ್ತು, ಅರ್ಕಾವತ್ತು ಎರಡರ ಬಣ್ಣವೂ ಬಯಲಾಗುತ್ತದೆ. ಇನ್ನೊಂದು, ‘3ನೇ ಕ್ರಾಸ್, ಅಶೋಕನಗರ’ ಎಂಬ ವಿಳಾಸದ ಅಲ್ಪವಿರಾಮ ಕಾಲಂಗಳನ್ನು ಸರಿಸಿ, ಪಿನ್ ಕೋಡಿನ ಜಾಗಕ್ಕೆ ಊರನ್ನು ತಂದು ಕೂರಿಸುತ್ತದೆ. ಕಾಲಂಗಳ ನಡುವೆ ಅಲ್ಪವಿರಾಮದ ಬದಲು ನಿಂತ ಗೆರೆ (|) ಬಳಸಿ.

ಪ್ರಶ್ನೆ: ಒಬ್ಬರ ಎರಡನೇ ಹಾಳೆ ಇನ್ನೊಬ್ಬರ ಕವರಿಗೆ ಸೇರಿದೆ.

ಉತ್ತರ: ಪ್ರತಿ ಹಾಳೆಯ ಅಂಚಿನಲ್ಲೂ ಪತ್ರದ ಸಂಖ್ಯೆ, ‘2ರಲ್ಲಿ 1’ ಎಂಬ ಪುಟದ ಲೆಕ್ಕ ಇರುವ ಬಾರ್‌ಕೋಡ್ ಹಾಕಿಸಿ, ಕವರು ತುಂಬುವ ಯಂತ್ರ ಅದನ್ನು ಓದಿ, ತಾಳೆಯಾಗದಿದ್ದರೆ ನಿಲ್ಲಲಿ. ಈ ಎಡವಟ್ಟು ಹೆಚ್ಚಾಗಿ ಆಗುವುದು ಕಾಗದ ಸಿಕ್ಕಿಕೊಂಡು ಬಿಡಿಸಿದ ಬಳಿಕ. ಆಗ ಹಾಳಾದ ಹಾಳೆಯೊಂದನ್ನೇ ಅಲ್ಲ, ಆ ಪತ್ರದ ಎಲ್ಲ ಹಾಳೆಗಳನ್ನೂ ಹೊಸದಾಗಿ ಮುದ್ರಿಸಿ, ಹಳೆಯದನ್ನು ಹರಿದುಹಾಕಬೇಕು.