ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸಿಗೆ ಹೋಲ್‌ವಾರು ಪಟ್ಟಿ ಬೇಡ

ನೀವು ಸಿದ್ಧಪಡಿಸುತ್ತಿರುವಂಥದ್ದೇ ಒಂದು ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ನಾನೂ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಗಾಲ್ಫ್ ಅಂಗಳವಾದ ಓಲ್ಡ್ ಕೋರ್ಸಿನ ಮೊದಲ ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಂತಿದ್ದೆ. ಬೆಂಗಳೂರಿನಲ್ಲಿ ಕಲಿತ ಆಟ, ನಿಮ್ಮ ಹಾಗೆಯೇ 16ರ ಹ್ಯಾಂಡಿಕ್ಯಾಪ್ (ಪಾರ್‌ಗಿಂತ, ಅಂದರೆ ನಿಗದಿತ ಹೊಡೆತಗಳಿಗಿಂತ, ಸುಮಾರು ಅಷ್ಟು ಹೆಚ್ಚು ತೆಗೆದುಕೊಳ್ಳುವ ಮಟ್ಟ), 90 ಹೊಡೆತಗಳೊಳಗೆ ಮುಗಿಸಬೇಕೆಂಬ ಅದೇ ಆಸೆ. ಹದಿನೆಂಟು ಹೋಲ್‌ಗಳ (ಟೀಯಿಂದ ಗುಳಿಯವರೆಗಿನ ಒಂದೊಂದು ಹಂತದ) ದೂರವನ್ನೂ ಪ್ರತಿ ಹೊಡೆತದ ಕ್ಲಬ್ಬನ್ನೂ (ಹೊಡೆಯುವ ಕೋಲನ್ನೂ) ಮೊದಲೇ ಬರೆದಿಟ್ಟುಕೊಂಡರೆ ಅದು ಸಾಧ್ಯವೇ ಎಂದು ಕೇಳಿದ್ದೀರಿ. ನನ್ನ ಆಟವನ್ನು ಕೆಡಿಸಿದ್ದು ಆ ಪಟ್ಟಿಯೇ. ಆದ್ದರಿಂದ ಅದನ್ನು ಹೇಗೆ ತಿದ್ದಬೇಕೆಂದು ಹೇಳದೆ, ಏಕೆ ಮನೆಯಲ್ಲೇ ಬಿಟ್ಟು ಹೋಗಬೇಕೆಂದು ಹೇಳುತ್ತೇನೆ.

ಮೊದಲ ಹೋಲಿನ ಮಟ್ಟಿಗೆ ನನ್ನ ಪಟ್ಟಿ ಸರಿಯಾಗಿಯೇ ಇತ್ತು. ಸುಮಾರು 375 ಗಜ, ಒಂದು ಬಂಕರೂ (ಮರಳುಗುಂಡಿಯೂ) ಇಲ್ಲ, ಹದಿನೆಂಟನೆಯದರ ಜೊತೆ ಕೂಡಿಕೊಂಡ ಫೇರ್‌ವೇ (ಟೀಯಿಂದ ಗ್ರೀನಿನವರೆಗಿನ ಕತ್ತರಿಸಿದ ಹುಲ್ಲುಹಾದಿ) ನೂರು ಗಜಕ್ಕೂ ಮಿಕ್ಕಿ ಅಗಲ. ಬೆನ್ನ ಹಿಂದೆ ರಾಯಲ್ ಅಂಡ್ ಏನ್ಶಂಟ್ ಗಾಲ್ಫ್ ಕ್ಲಬ್ಬಿನ ಕಟ್ಟಡ ಮತ್ತು ನಿಂತು ನೋಡುವ ಜನ ಇರುವುದರಿಂದ ಕೈ ನಡುಗುತ್ತದೆಯೇ ಹೊರತು ಹೊಡೆತದಲ್ಲಿ ಕಷ್ಟವೇನೂ ಇಲ್ಲ. ಸ್ವಿಲ್ಕನ್ ತೊರೆ ಗ್ರೀನಿನ (ಗುಳಿಯ ಸುತ್ತಲಿನ ನುಣುಪು ಹುಲ್ಲುನೆಲದ) ಅಂಚಿಗೇ ಅಂಟಿಕೊಂಡು ಹರಿಯುವುದರಿಂದ ಎರಡನೆಯ ಹೊಡೆತಕ್ಕೆ ಒಂದು ಕ್ಲಬ್ ಹೆಚ್ಚಾಗಿಯೇ, ಅಂದರೆ ಇನ್ನಷ್ಟು ದೂರ ಹೊಡೆಯುವಂಥದ್ದನ್ನೇ, ತೆಗೆದುಕೊಳ್ಳಿ. ನಾನು ಹಾಗೆ ಮಾಡಿ, ಗ್ರೀನಿನ ಹಿಂಬದಿಯಿಂದ ಎರಡು ಪಟ್‌ನಲ್ಲಿ (ಚೆಂಡನ್ನು ಉರುಳಿಸುವ ಹೊಡೆತದಲ್ಲಿ) ಪಾರ್ ಮಾಡಿದೆ. ಆ ಪಾರ್‌ನಿಂದಲೇ ಪಟ್ಟಿಯ ಮೇಲೆ ನನಗೆ ಅತಿಯಾದ ನಂಬಿಕೆ ಹುಟ್ಟಿತು.

ಎರಡನೆಯದರಿಂದ ಈ ನೆಲದ ಸ್ವಭಾವ ಬದಲಾಗುತ್ತದೆ, ಮತ್ತು ಅದಕ್ಕೆ ಕಾರಣ ಇತಿಹಾಸದಲ್ಲಿದೆ. ಮೊದಲು ಇಲ್ಲಿ ಇದ್ದದ್ದು ಗೋರ್ಸ್ ಮುಳ್ಳುಪೊದೆಗಳ ನಡುವಿನ ಒಂದು ಕಿರಿದಾದ ಪಟ್ಟೆ ಮಾತ್ರ. ಊರಿನಿಂದ ಹೊರಟು ಈಡನ್ ನದೀಮುಖದವರೆಗೆ ಆಡುತ್ತ ಹೋಗಿ, ಅದೇ ಗುಳಿಗಳಿಗೆ ಚೆಂಡು ಹಾಕುತ್ತ ಹಿಂದಿರುಗುತ್ತಿದ್ದರು. 1764ರಲ್ಲಿ ಇಪ್ಪತ್ತೆರಡು ಹೋಲ್‌ಗಳ ಸುತ್ತನ್ನು ಹದಿನೆಂಟಕ್ಕೆ ಇಳಿಸಿದರು. ಮುಂದಿನ ಶತಮಾನದಲ್ಲಿ ಆಡುವವರು ಹೆಚ್ಚಿದಾಗ ಪೊದೆ ಕಡಿದು ನೆಲವನ್ನು ಅಗಲ ಮಾಡಿ, ಒಂದೇ ಗ್ರೀನಿನಲ್ಲಿ ಹೋಗುವವರಿಗೊಂದು, ಬರುವವರಿಗೊಂದು ಎಂದು ಎರಡು ಗುಳಿಗಳನ್ನು ತೋಡಿದರು. ಇಂದಿಗೂ ಏಳು ಗ್ರೀನುಗಳು ಹೀಗೆ ಜೋಡಿಯಾಗಿವೆ. ಎರಡು ಮತ್ತು ಹದಿನಾರು, ನಾಲ್ಕು ಮತ್ತು ಹದಿನಾಲ್ಕು, ಏಳು ಮತ್ತು ಹನ್ನೊಂದು ಎಂಬಂತೆ ಯಾವ ಜೋಡಿಯನ್ನು ಕೂಡಿದರೂ 18 ಬರುತ್ತದೆ. ಹೊಲ ಉಳುವವನು ಹೋದ ಸಾಲಿನ ಮಗ್ಗುಲಲ್ಲೇ ಮರುಸಾಲು ಹಿಡಿದು ಬರುವ ಹಾಗೆ, ನೀವು ಹೋಗುವ ಬಹುತೇಕ ಹೋಲ್‌ಗಳ ಎಡಕ್ಕೂ ನೀವು ಮುಂದೆ ಆಡಬೇಕಾದ ಒಂದು ಹೋಲ್ ಎದುರುದಿಕ್ಕಿಗೆ ಮಲಗಿರುತ್ತದೆ. ಹೋಲಿಗೊಂದು ಪುಟ ಎಂದು ಬರೆದ ಪಟ್ಟಿಯಲ್ಲಿ ಈ ಮಗ್ಗುಲು ಕಾಣುವುದೇ ಇಲ್ಲ.

ನಮ್ಮ ಕಡೆ ಆಡಿದವರಿಗೆ ಇದು ಹೊಳೆಯದಿರುವುದು ಸಹಜ. 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಕಡೆ ಹೋಲ್‌ಗಳ ನಡುವೆ ಮರಗಳು ನಿಂತಿರುತ್ತವೆ. ಪಕ್ಕದ ಫೇರ್‌ವೇಗೆ ಚೆಂಡು ಹೋಯಿತೆಂದರೆ ತಪ್ಪಾಗಿ ಹೊಡೆದೆವು ಎಂದೇ ಲೆಕ್ಕ. ಗಾಳಿಯ ಕಾಟ ಕಡಿಮೆ, ಗ್ರೀನ್ ಮೆತ್ತಗೆ, ವೆಜ್ ಎಂಬ ಓರೆಮುಖದ ಕ್ಲಬ್ಬಿನಿಂದ ಎತ್ತಿ ಹಾಕಿದ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ. ಓಲ್ಡ್ ಕೋರ್ಸಿನ ಮರಳುನೆಲದ ಹುಲ್ಲಿನ ಮೇಲೆ ಬಿದ್ದ ಚೆಂಡು ಅಲ್ಲಿಂದ ಮುಂದಕ್ಕೆ ಓಡಲು ಶುರುಮಾಡುತ್ತದೆ. ಎರಡನೆಯ, ಮೂರನೆಯ ಗ್ರೀನುಗಳಲ್ಲಿ ನಾನು ವೆಜ್ ಎತ್ತಿ ಹಾಕಿ ಎರಡು ಬೋಗಿ (ಪಾರ್‌ಗಿಂತ ಒಂದು ಹೆಚ್ಚು) ತೆತ್ತ ಮೇಲೆ, ನಾಲ್ಕರಲ್ಲಿ ಚೀಲ ಹೊತ್ತು ದಾರಿ ಹೇಳುವ ಕ್ಯಾಡಿ ನನ್ನ ಕೈಗೆ ಪಟರ್ ಕೊಟ್ಟು ಮೂವತ್ತು ಗಜ ದೂರದಿಂದ ಉರುಳಿಸಲು ಹೇಳಿದ. ಚೆಂಡು ಗುಳಿಯ ಪಕ್ಕಕ್ಕೇ ಬಂದು ನಿಂತಿತು. ಇಲ್ಲಿ ನೂರು ಗಜದೊಳಗಿನ ಆಟವನ್ನೆಲ್ಲ ನೆಲದ ಮೇಲೆಯೇ ಆಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. 60 ಡಿಗ್ರಿಯ ವೆಜ್ಜನ್ನು ಚೀಲದಿಂದ ತೆಗೆದಿಟ್ಟು ಹೋದರೂ ನಷ್ಟವಿಲ್ಲ.

ಈಗ ಐದನೆಯದು. ಇದು ಪಾರ್ 5. ಚೆಂಡು ಬೀಳುವ ದೂರದಲ್ಲಿ ಬಲಗಡೆಗೆ ಸೆವೆನ್ ಸಿಸ್ಟರ್ಸ್ ಎಂಬ ಏಳು ಬಂಕರುಗಳಿವೆ, ಅದಕ್ಕಾಗಿ ಎಲ್ಲರೂ ಎಡಕ್ಕೆ ಹೊಡೆಯುತ್ತಾರೆ, ನಾನೂ ಹೊಡೆದೆ. ಚೆಂಡಿನ ಕಡೆಗೆ ನಡೆಯುವಾಗ ಕ್ಯಾಡಿ ಎಡಗೈ ಚಾಚಿ ಏನನ್ನೋ ತೋರಿಸಲು ನಿಂತ. ನಾನು ನಿಲ್ಲಲಿಲ್ಲ. ಪಟ್ಟಿಯ ಐದನೆಯ ಪುಟ ತೆರೆದು, ಎರಡನೆಯ ಹೊಡೆತದ ದೂರವನ್ನು ಕೂಡಿಕಳೆಯುತ್ತ ಮುಂದೆ ಹೋದೆ. ಅವನು ತೋರಿಸುತ್ತಿದ್ದದ್ದು ಹದಿನಾಲ್ಕನೆಯ ಹೋಲಿನ ಹೆಲ್ ಬಂಕರನ್ನು. ಐದು ಮತ್ತು ಹದಿನಾಲ್ಕು ಅಕ್ಕಪಕ್ಕದಲ್ಲಿ ಎದುರುಬದುರಾಗಿ ಓಡುತ್ತವೆ. ಅದರ ಗೋಡೆ ಎಷ್ಟು ಎತ್ತರ, ಸುತ್ತಲಿನ ನೆಲ ಎಷ್ಟು ದೂರದಿಂದಲೇ ಅದರೊಳಕ್ಕೆ ಇಳಿಯುತ್ತದೆ, ಅದನ್ನು ತಪ್ಪಿಸಿಕೊಂಡು ಬರಲು ಐದನೆಯ ಫೇರ್‌ವೇಯಲ್ಲಿ ಎಷ್ಟು ಜಾಗವಿದೆ ಎಂಬುದನ್ನೆಲ್ಲ ಬಿಡುವಾಗಿ ನೋಡಿಕೊಳ್ಳಲು ಇಡೀ ಆಟದಲ್ಲಿ ಇರುವುದು ಆ ಹೊತ್ತೊಂದೇ. ಹದಿನಾಲ್ಕರಲ್ಲಿ ಹಿಂದಿರುಗಿ ಬರುವಾಗ ದೂರದಿಂದ ಇದ್ಯಾವುದರ ಅಳತೆಯೂ ಸಿಗುವುದಿಲ್ಲ.

ಆರರಿಂದ ಹತ್ತರವರೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೊನೆಯಲ್ಲಿ ಕೋರ್ಸ್ ಸುತ್ತಿಕೊಂಡು ತಿರುಗುವ ಈ ಭಾಗದಲ್ಲಿ ಹೋಲ್‌ಗಳು ಚಿಕ್ಕವು, ಅಂಕ ಉಳಿಸಿಕೊಳ್ಳುವ ಜಾಗ ಇದು. ಆದರೆ ಏಳನೆಯ ಗ್ರೀನಿನಲ್ಲಿ ಪಟ್ ಮಾಡಿದ ಮೇಲೆ ಹನ್ನೊಂದರ ಕೆಂಪು ಬಾವುಟ ಎಲ್ಲಿದೆಯೆಂದು ನೋಡಿಟ್ಟುಕೊಳ್ಳಿ. ಎರಡಕ್ಕೂ ಅದೇ ಗ್ರೀನ್, ಹಿಂದಿನಿಂದ ಮುಂದಕ್ಕೆ ಕಡಿದಾದ ಇಳಿಜಾರು, ಮುಂದೆ ಸ್ಟ್ರಾತ್ ಬಂಕರ್, ಎಡಕ್ಕೆ ಹಿಲ್ ಬಂಕರ್. 1921ರ ಓಪನ್ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಹಿಲ್ ಬಂಕರಿನಲ್ಲಿ ಸಿಲುಕಿ, ಮೂರನೆಯ ಸುತ್ತನ್ನು ಈ ಹನ್ನೊಂದರಲ್ಲೇ ಕೈಬಿಟ್ಟ. 1927ರಲ್ಲಿ ಇಲ್ಲೇ ಓಪನ್ ಗೆದ್ದ, 1958ರಲ್ಲಿ ಊರು ಅವನಿಗೆ ಪೌರಗೌರವ ನೀಡಿತು, ಹತ್ತನೆಯ ಹೋಲಿಗೆ ಈಗ ಅವನದೇ ಹೆಸರು. ಹನ್ನೊಂದರಲ್ಲಿ ಚೆಂಡು ಗುಳಿಗಿಂತ ಈಚೆಗೇ ನಿಲ್ಲಬೇಕು. ಆಚೆಗೆ ಹೋದರೆ ಇಳಿಜಾರಿನ ಪಟ್ ನಿಲ್ಲುವುದಿಲ್ಲ, ನನಗೂ ನಿಲ್ಲಲಿಲ್ಲ.

ಹನ್ನೆರಡರ ಟೀ ಮೇಲೆ ನಿಂತಾಗ ಮುಂದೆ ಒಂದು ಬಂಕರೂ ಕಾಣುವುದಿಲ್ಲ, ಆದರೆ ಫೇರ್‌ವೇ ತುಂಬ ಬಂಕರುಗಳಿವೆ. ಈ ಕೋರ್ಸನ್ನು ಹಿಂದೆ ಗಡಿಯಾರದ ಮುಳ್ಳಿನ ದಿಕ್ಕಿಗೆ, ಅಂದರೆ ಇಂದಿನದಕ್ಕೆ ತದ್ವಿರುದ್ಧವಾಗಿಯೂ ಆಡುತ್ತಿದ್ದರು. ಆ ಬಂಕರುಗಳು ಬಾಯಿ ತೆರೆದಿರುವುದು ಊರಿನಿಂದ ಬರುವವನ ಕಡೆಗೆ. ಹಾಗಾಗಿ ಆರನೆಯದನ್ನು ಆಡುತ್ತ ಹೋಗುವಾಗ ಎಡಕ್ಕೆ ತಿರುಗಿ ನೋಡಿದವನಿಗೆ ಅವು ಕಾಣುತ್ತವೆ. ಅಲ್ಲಿಯೂ ನಾನು ಪುಟ ನೋಡುತ್ತಿದ್ದೆ, ಆದರೆ ಚೆಂಡು ಎರಡು ಬಂಕರುಗಳ ನಡುವೆ ಹಾದುಹೋಯಿತು.

ಹದಿನಾಲ್ಕಕ್ಕೆ ಬಂದಾಗ ಮಿಕ್ಕ ಹೋಲ್‌ಗಳಲ್ಲಿ ಸರಾಸರಿ ಬೋಗಿ ಮಾಡಿದರೂ 90ರೊಳಗೆ ಮುಗಿಯುವ ಸ್ಥಿತಿ ಇತ್ತು. ಬೆಳಿಗ್ಗೆ ಪಡುವಣದಿಂದ ಎದುರಿಗೆ ಬೀಸಿದ ಗಾಳಿ, ಅಷ್ಟರಲ್ಲಿ ತಿರುಗಿ ಸಮುದ್ರದ ಕಡೆಯಿಂದ ಮತ್ತೆ ಎದುರಿಗೇ ಬರುತ್ತಿತ್ತು. ಭರತ ಇಳಿತ ಬದಲಾದಾಗ ಗಾಳಿಯೂ ಬದಲಾಗುತ್ತದೆ ಎಂದು ಅಲ್ಲಿಯ ಕ್ಯಾಡಿಗಳು ಹೇಳುತ್ತಾರೆ. ನನ್ನ ಡ್ರೈವ್ (ಟೀಯಿಂದ ಹೊಡೆದ ಮೊದಲ ಹೊಡೆತ) ಚೆನ್ನಾಗಿತ್ತು. ಬಲಗಡೆಯ ಗಡಿಗೋಡೆಗೂ ಎಡಗಡೆಯ ಬಿಯರ್ಡೀಸ್ ಬಂಕರುಗಳಿಗೂ ನಡುವೆ, ಎಲಿಸಿಯನ್ ಫೀಲ್ಡ್ಸ್ ಎಂದು ಕರೆಯುವ ಸಮತಟ್ಟು ನೆಲದಲ್ಲಿ ಚೆಂಡು ನಿಂತಿತು. ಕ್ಯಾಡಿ ಎಡಕ್ಕೆ ಕೈ ತೋರಿಸಿ, ಅಷ್ಟು ದೂರ ಹೋಗದ 7 ಐರನ್ ಕ್ಲಬ್ಬಿನಲ್ಲಿ ಐದನೆಯ ಫೇರ್‌ವೇಗೆ ಹೊಡೆಯಲು ಹೇಳಿದ.

ನನ್ನ ಪಟ್ಟಿಯ ಹದಿನಾಲ್ಕನೆಯ ಪುಟದಲ್ಲಿ ಐದನೆಯ ಫೇರ್‌ವೇ ಇರಲಿಲ್ಲ. ಚಿತ್ರದ ಎಡ ಅಂಚು ಹೆಲ್ ಬಂಕರಿನ ಪಕ್ಕದಲ್ಲೇ ಮುಗಿದಿತ್ತು. ಎರಡನೆಯ ಹೊಡೆತಕ್ಕೆ 3 ವುಡ್ (ದೂರ ಹೊಡೆಯುವ ಕ್ಲಬ್), 210 ಗಜ, ನೇರ ಎಂದು ನಾನೇ ಬೆಂಗಳೂರಿನಲ್ಲಿ ಕುಳಿತು ಬರೆದಿದ್ದೆ. ಆ 210 ಗಜ ಗಾಳಿಯಿಲ್ಲದ ಬೆಳಗಿನ ಡ್ರೈವಿಂಗ್ ರೇಂಜಿನ ಅಳತೆ. ಗಾಳಿ ಇದೆ ಎಂದು ನನಗೆ ಗೊತ್ತಿತ್ತು, ಬಂಕರ್ ಇದೆ ಎಂದೂ ಗೊತ್ತಿತ್ತು. ಗೊತ್ತಿರದಿದ್ದದ್ದು ಎಡಗಡೆ ಎಷ್ಟು ಜಾಗವಿದೆ ಎಂಬುದೊಂದೇ, ಏಕೆಂದರೆ ಆ ಜಾಗದ ಮೇಲೆಯೇ ನಡೆದು ಹೋಗಿದ್ದರೂ ಅದನ್ನು ನಾನು ಐದನೆಯ ಹೋಲ್ ಎಂದಷ್ಟೇ ತಿಳಿದಿದ್ದೆ. ಬೇರೊಂದು ಹೋಲಿನ ಫೇರ್‌ವೇಗೆ ಬೇಕೆಂದೇ ಹೊಡೆಯುವುದು ಅಂಜಿಕೆಯ ಲಕ್ಷಣವಾಗಿ ಕಂಡಿತು. ಈ ತಿಳಿವಳಿಕೆಯೇ ತಪ್ಪು. ವುಡ್ ಆರಿಸಿಕೊಂಡದ್ದು ಅದರ ಫಲವಷ್ಟೇ, ಕ್ಲಬ್ ಬದಲಿಸಿದ್ದರೂ ಅದೇ ದಿಕ್ಕಿಗೆ ಹೊಡೆದಿದ್ದರೆ ಪರಿಣಾಮ ಬೇರೆಯಾಗುತ್ತಿರಲಿಲ್ಲ.

ಚೆಂಡನ್ನು ಚೆನ್ನಾಗಿಯೇ ಹೊಡೆದೆ. ಗಾಳಿ ಅದನ್ನು ಮೇಲೆತ್ತಿ ಕೆಳಗೆ ಹಾಕಿತು, ಬಂಕರಿಗಿಂತ ಎಷ್ಟೋ ಹಿಂದೆ ಬಿದ್ದ ಚೆಂಡು ನೆಲದ ಇಳಿಜಾರು ಹಿಡಿದು ಉರುಳಿ ಒಳಕ್ಕೆ ಹೋಯಿತು. ಒಳಗಿಳಿದಾಗ ನನ್ನೆದುರಿನ ಹುಲ್ಲುಗೋಡೆ ನನಗಿಂತ ಎತ್ತರವಾಗಿತ್ತು. ಮೂರನೆಯ ಹೊಡೆತ ಗೋಡೆಗೆ ಬಡಿದು ಕಾಲ ಬಳಿಗೆ ಮರಳಿತು, ನಾಲ್ಕನೆಯದೂ ಹಾಗೆಯೇ. ಐದನೆಯದನ್ನು ಹಿಂದಕ್ಕೆ ಹೊಡೆದು ಹೊರಬಂದೆ, ಆರನೆಯದನ್ನು ಕೊನೆಗೂ ಐದನೆಯ ಫೇರ್‌ವೇಗೆ ಹಾಕಿದೆ, ಏಳರಲ್ಲಿ ಗ್ರೀನ್, ಎರಡು ಪಟ್, ಒಟ್ಟು ಒಂಬತ್ತು. ಆ ಎಡಭಾಗದಿಂದ ಹದಿನಾಲ್ಕರ ಗ್ರೀನಿಗೆ ಚೆಂಡನ್ನು ನೆಲದ ಮೇಲೆ ಓಡಿಸಿ ತಲುಪಿಸುವುದು ಎಷ್ಟು ಸುಲಭ ಎಂಬುದು ನನಗೆ ಗೊತ್ತಾದದ್ದು ಏಳನೆಯ ಹೊಡೆತದಲ್ಲಿ. ಇದೇ ಅಂಗಳದಲ್ಲಿ 1970 ಮತ್ತು 1978ರಲ್ಲಿ ಓಪನ್ ಗೆದ್ದಿದ್ದ ಜ್ಯಾಕ್ ನಿಕ್ಲಸ್ ಕೂಡ 1995ರಲ್ಲಿ ಈ ಬಂಕರಿನಿಂದ ಹೊರಬರಲು ನಾಲ್ಕು ಹೊಡೆತ ತೆಗೆದುಕೊಂಡು ಈ ಹೋಲಿನಲ್ಲಿ ಹತ್ತು ಮಾಡಿದ. 2000ದಲ್ಲಿ ಟೈಗರ್ ವುಡ್ಸ್ ನಾಲ್ಕು ದಿನವೂ 112 ಬಂಕರುಗಳಲ್ಲಿ ಒಂದಕ್ಕೂ ಬೀಳದೆ ಎಂಟು ಹೊಡೆತಗಳ ಅಂತರದಿಂದ ಗೆದ್ದ. ಚೆಂಡನ್ನು ಬಹುತೇಕ ಎಲ್ಲರಿಗಿಂತ ದೂರ ಹೊಡೆಯಬಲ್ಲ ಆಟಗಾರನಿಗೂ ಗೆಲುವಿನ ದಾರಿ ಅದೇ ಆಗಿತ್ತು ಎಂಬುದನ್ನು ಗಮನಿಸಿ.

ಹದಿನೈದು, ಹದಿನಾರು ಎರಡರಲ್ಲೂ ಎಡಕ್ಕೆ ಹೊಡೆಯಿರಿ. ಹದಿನಾರರಲ್ಲಿ ಬಲಗಡೆಯ ಬೇಲಿಗೂ ಪ್ರಿನ್ಸಿಪಲ್ಸ್ ನೋಸ್ ಬಂಕರುಗಳಿಗೂ ನಡುವೆ ಕಾಣುವ ಸಂದು ನಿಮ್ಮದಲ್ಲ, ಮೂರನೆಯ ಫೇರ್‌ವೇಯ ಕಡೆಗಿನ ಜಾಗ ನಿಮ್ಮದು.

ಹದಿನೇಳು, ರೋಡ್ ಹೋಲ್. ಓಪನ್‌ನಲ್ಲಿ ಇದು 495 ಗಜದ ಪಾರ್ 4. ಹಳೆಯ ರೈಲ್ವೆ ಶೆಡ್‌ಗಳ ಆಕಾರದ ಕಟ್ಟಡದ ಮೇಲಿನಿಂದ ಟೀ ಹೊಡೆತ, ಗ್ರೀನಿನ ಎಡ ಮಗ್ಗುಲಿಗೆ ರೋಡ್ ಬಂಕರ್, ಹಿಂದೆ ರಸ್ತೆ ಮತ್ತು ಕಲ್ಲುಗೋಡೆ. ರಸ್ತೆಯ ಮೇಲೆ ನಿಂತ ಚೆಂಡನ್ನು ಅಲ್ಲಿಂದಲೇ ಆಡಬೇಕು, ಪುಕ್ಕಟೆ ಎತ್ತಿಡುವಂತಿಲ್ಲ. 16ರ ಹ್ಯಾಂಡಿಕ್ಯಾಪ್‌ನವರಿಗೆ ಇದು ಪಾರ್ 5 ಎಂದೇ ನನ್ನ ಲೆಕ್ಕ. ಎರಡನೆಯ ಹೊಡೆತವನ್ನು ಗ್ರೀನಿನ ಮುಂದೆ ಬಲಗಡೆಗೆ ನಿಲ್ಲಿಸಿ, ಅಲ್ಲಿಂದ ಪಟರ್ ತೆಗೆದುಕೊಳ್ಳಿ. 2022ರ ಓಪನ್‌ನ ಕೊನೆಯ ದಿನ ಕ್ಯಾಮರನ್ ಸ್ಮಿತ್, ಗ್ರೀನಿಗೂ ತನಗೂ ನಡುವೆ ರೋಡ್ ಬಂಕರ್ ಇದ್ದಾಗ ಚೆಂಡನ್ನು ಅದರ ಮೇಲಿನಿಂದ ಎತ್ತದೆ, ಪಟರ್‌ನಿಂದ ಬಂಕರಿನ ಪಕ್ಕದಿಂದ ಸುತ್ತಿಸಿ ಗ್ರೀನಿಗೆ ಉರುಳಿಸಿ ಪಾರ್ ಉಳಿಸಿಕೊಂಡು ಗೆದ್ದ. ಹದಿನೆಂಟರಲ್ಲಿ ಕ್ಲಬ್ ಕಟ್ಟಡದ ಗಡಿಯಾರಕ್ಕೆ ಗುರಿಯಿಡಿ, ಗ್ರೀನಿನ ಮುಂದಿನ ವ್ಯಾಲಿ ಆಫ್ ಸಿನ್ ಎಂಬ ತಗ್ಗನ್ನು ಉರುಳಿಸಿಯೇ ದಾಟಿಸಿ. ನಾನು 91ಕ್ಕೆ ಮುಗಿಸಿದೆ.

ಕಾಗದದ ಮೇಲೆ ಏನಾದರೂ ಬೇಕೇ ಬೇಕೆಂದಿದ್ದರೆ ಅಲಿಸ್ಟರ್ ಮೆಕೆಂಜಿ 1924ರಲ್ಲಿ ಪ್ರಕಟಿಸಿದ ಓಲ್ಡ್ ಕೋರ್ಸಿನ ನಕ್ಷೆಯನ್ನು ಎದುರಿಗಿಟ್ಟುಕೊಳ್ಳಿ. ಮುಂದೆ ಬಾಬಿ ಜೋನ್ಸ್ ಜೊತೆ ಸೇರಿ ಅಮೆರಿಕದ ಅಗಸ್ಟಾ ನ್ಯಾಷನಲ್ ಗಾಲ್ಫ್ ಅಂಗಳ ರೂಪಿಸಿದ ಮೆಕೆಂಜಿ, ಈ ನೆಲವನ್ನು ಅಳೆದು ಇಡಿಯಾಗಿ ಒಂದೇ ಹಾಳೆಯ ಮೇಲೆ ತೋರಿಸಿದ್ದಾನೆ. ಐದರ ಪಕ್ಕದಲ್ಲಿ ಹದಿನಾಲ್ಕು ಕಾಣುತ್ತದೆ. ಕ್ಯಾಡಿಯ ಖರ್ಚಿಗೆ ಹಿಂಜರಿಯಬೇಡಿ, ಬೇಕಿದ್ದರೆ ಹೊಸ ಡ್ರೈವರ್ ಕೊಳ್ಳುವುದನ್ನು ಮುಂದೂಡಿ. 90ರ ಲೆಕ್ಕವನ್ನು ಕೂಡ ಅಲ್ಲಿಗೆ ಒಯ್ಯಬೇಡಿ ಎಂದೇ ಹೇಳುತ್ತೇನೆ, ಆ ಲೆಕ್ಕವಿಲ್ಲದಿದ್ದರೆ ಹದಿನಾಲ್ಕರಲ್ಲಿ ನಾನು ಕ್ಯಾಡಿಯ ಮಾತು ಕೇಳುತ್ತಿದ್ದೆ.

ಭಾನುವಾರ ಓಲ್ಡ್ ಕೋರ್ಸಿನಲ್ಲಿ ಸಾಮಾನ್ಯವಾಗಿ ಆಟವಿರುವುದಿಲ್ಲ, ಊರಿನವರು ನಾಯಿಗಳನ್ನು ಕರೆದುಕೊಂಡು ಅಡ್ಡಾಡುತ್ತಾರೆ, ಯಾರು ಬೇಕಾದರೂ ಒಳಗೆ ನಡೆಯಬಹುದು. ನಿಮ್ಮ ಸರದಿ ವಾರದ ಮೊದಲ ದಿನಗಳಲ್ಲಿದ್ದರೆ ಭಾನುವಾರ ಮಧ್ಯಾಹ್ನವೇ ತಲುಪಿ. ಕ್ಲಬ್ಬುಗಳನ್ನು ಕೋಣೆಯಲ್ಲಿ ಬಿಟ್ಟು ಐದನೆಯ ಟೀವರೆಗೆ ನಡೆದು ಹೋಗಿ, ಹೆಲ್ ಬಂಕರಿನ ಎಡ ಅಂಚಿನಿಂದ ಐದನೆಯ ಫೇರ್‌ವೇಯ ಆಚೆ ತುದಿಯವರೆಗೆ ಹೆಜ್ಜೆ ಹಾಕಿ ಅಳೆದುಕೊಳ್ಳಿ.